ಪಿಳ್ಳಪ್ಪನ ಮರಕ್ಕೆ ಕಸಿ ಕಟ್ಟಿದ್ದು ಯಾರು?

ಮಾಲೂರಿನ ಸ್ಟೇಷನರಿ ಅಂಗಡಿಯಲ್ಲಿ ಒಂದು ಚಾರ್ಟ್ ಸಿಗುತ್ತದೆ. ಹೆಸರು ‘ಮೈ ಫ್ಯಾಮಿಲಿ ಟ್ರೀ’. ಹಸಿರು ಮರ, ಮರದಲ್ಲಿ ಕೆಂಪು ಸೇಬುಗಳು. ಒಂದೊಂದು ಸೇಬಿನ ಮೇಲೂ ಒಂದೊಂದು ಫೋಟೋ ಅಂಟಿಸಿದರೆ ವಂಶದ ಇತಿಹಾಸ ಮುಗಿಯಿತು. ಟೀಚರ್ ಸ್ಟಾರ್ ಕೊಡುತ್ತಾರೆ, ನಾವು ಚಾರ್ಟನ್ನು ಸುತ್ತಿ ಬೀರುವಿನ ಮೇಲೆ ಎಸೆಯುತ್ತೇವೆ, ಮಿಕ್ಕಿದ್ದನ್ನು ಜಿರಳೆಗಳು ನೋಡಿಕೊಳ್ಳುತ್ತವೆ.

ನಾಲ್ಕನೇ ಕ್ಲಾಸಿನ ನನ್ನ ಮಗಳು ಹಿತಾ ಕೂಡ ಅದೇ ಚಾರ್ಟ್ ತಂದಳು. ಏಳು ಸೇಬು. ಅವಳು, ಅಪ್ಪ, ಅಮ್ಮ, ಎರಡೂ ಕಡೆಯ ಅಜ್ಜಿ ತಾತ. ಎಲ್ಲವೂ ಸರಿಯಾಗಿ ಕೂತವು. ಆಮೇಲೆ ಅವಳ ಕೈಯಲ್ಲಿ ಒಂದು ಫೋಟೋ ಉಳಿಯಿತು.

“ಅಮ್ಮಾ, ಚೌಡಜ್ಜೀನ ಎಲ್ಲಿ ಅಂಟಿಸ್ಲಿ?”

ಚೌಡಜ್ಜಿ ಎಂದರೆ ನನ್ನ ಸೋದರತ್ತೆ, ಅಪ್ಪನ ಅಕ್ಕ ಚೌಡಮ್ಮ. ಎಪ್ಪತ್ತೆಂಟು ವರ್ಷ. ಹೋಳೂರಿನಲ್ಲಿ ಮಗ, ಸೊಸೆ, ಎರಡು ಹಸು ಮತ್ತು ಒಂದೆಕರೆ ಹಿಪ್ಪುನೇರಳೆ ತೋಟದ ಮೇಲೆ ದರ್ಬಾರು ನಡೆಸಿಕೊಂಡಿದ್ದಾರೆ. ಹಿತಾಗೆ ಅವರೆಂದರೆ ಪ್ರಾಣ. (ಅವರ ಮನೆಯ ಹಾಲಿನ ಕೆನೆಯೆಂದರೆ ಇನ್ನೂ ಹೆಚ್ಚು ಪ್ರಾಣ.)

“ಇದ್ರಲ್ಲಿ ಅವರಿಗೆ ಜಾಗ ಇಲ್ಲ ಕಣೇ,” ಅಂದೆ.

“ಯಾಕಿಲ್ಲ?”

ಯಾಕಿಲ್ಲ? ಚಾರ್ಟ್ ಮಾಡಿದವನಿಗೆ ಅತ್ತೆ ಇರಲಿಲ್ಲವೋ ಏನೋ. ಬ್ಯಾಂಕಿನಲ್ಲಿ ದಿನಕ್ಕೆ ನೂರು ಜನರ ಪ್ರಶ್ನೆಗೆ ಉತ್ತರ ಕೊಡುವ ನಾನು ಇದೊಂದಕ್ಕೆ ತಡವರಿಸಿದೆ. ಕೊನೆಗೆ ಎಲೆಯ ಮೇಲೆ ಅಂಟಿಸು ಅಂದೆ. ಅವಳು ನನ್ನನ್ನು ಒಂದು ಥರ ನೋಡಿದಳು. ಚಾರ್ಟನ್ನು ಮಡಚಿಟ್ಟು, “ನಮ್ಮೂರಲ್ಲಿ ಆ್ಯಪಲ್ ಮರಾನೇ ಇಲ್ಲ. ತಾತನ ತೋಪಿಗೆ ಹೋಗಿ ನಿಜವಾದ ಮರ ನೋಡ್ಕೊಂಡು ಬರೀತೀನಿ,” ಅಂದಳು.

ತಾತ ಎಂದರೆ ನನ್ನ ಅಪ್ಪ. ಗೌನಿಪಲ್ಲಿಯಿಂದ ಸ್ವಲ್ಪ ಒಳಗೆ ನಮ್ಮ ಊರು. ಅಪ್ಪ, ಅಮ್ಮ, ಅಣ್ಣನ ಸಂಸಾರ, ನಾಲ್ಕೆಕರೆ ಮಾವಿನ ತೋಪು. ಜೂನ್ ತಿಂಗಳ ಎರಡನೇ ಶನಿವಾರ ನನಗೂ ರಜೆ, ಅವಳಿಗೂ ರಜೆ. ದಾರಿಯಲ್ಲಿ ಹೋಳೂರಿಗೆ ಹೋಗಿ ಅತ್ತೆಯನ್ನೂ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ಹಿತಾ. ನಾನು ಟಿಕೆಟ್ ತೆಗೆಸಿದೆ ಅಷ್ಟೇ.

ಹೊರಡುವ ಮೊದಲು ನಾನೂ ಸ್ವಲ್ಪ ತಯಾರಿ ಮಾಡಿಕೊಂಡೆ. ಮಕ್ಕಳನ್ನು ಹಿರಿಯರ ಮುಂದೆ ಕೂರಿಸಿ “ನಿಮ್ಮ ಕಾಲದ ವಿಷಯ ಹೇಳಿ ತಾತ” ಅಂದರೆ ಏನಾಗುತ್ತದೆ, ನಿಮಗೂ ಗೊತ್ತು. ತಾತ “ನಮ್ಮ ಕಾಲದಲ್ಲಿ...” ಎಂದು ಶುರು ಮಾಡುತ್ತಾರೆ, ಮಗು ಐದು ನಿಮಿಷಕ್ಕೆ ಮೊಬೈಲ್ ಹುಡುಕುತ್ತದೆ. ಹಾಗಾಗಬಾರದು. ಆಟ ಇರಬೇಕು. ನಾವು ಎರಡು ಆಟ ಕಂಡುಹಿಡಿದೆವು.

ಮೊದಲನೆಯದು ಮರದ ಮೈ ತೆಗೆಯುವುದು. ಬಿಳಿ ಕಾಗದವನ್ನು ಮರದ ಮೇಲಿಟ್ಟು ಕ್ರೇಯಾನ್ ಉಜ್ಜಿದರೆ ತೊಗಟೆಯ ಗೆರೆಗಳೆಲ್ಲ ಕಾಗದದ ಮೇಲೆ ಮೂಡುತ್ತವೆ. ನಮ್ಮ ತೋಪಿನಲ್ಲಿ ಹಳೆಯ ಮರಗಳಿಗೆಲ್ಲ ಮನೆಯವರ ಹೆಸರಿದೆ, ಯಾರು ನೆಟ್ಟರೋ ಅವರ ಹೆಸರು. ಹಾಗಾಗಿ ಒಂದು ಮರದ ಮೈ ತೆಗೆದರೆ ಒಬ್ಬ ಹಿರಿಯರ ಬೆರಳಚ್ಚು ತೆಗೆದ ಹಾಗೆ.

ಎರಡನೆಯದು ಹಗ್ಗ. ಉದ್ದನೆಯ ಹಗ್ಗಕ್ಕೆ ಗಂಟು ಹಾಕುತ್ತಾ ಹೋಗುವುದು, ಒಂದು ಗಂಟು ಒಂದು ವರ್ಷ. ಮೊದಲ ಗಂಟು ಚೌಡಜ್ಜಿಗೆ ಒಂದು ತುಂಬಿದ ವರ್ಷ, ಕೊನೆಯ ಗಂಟು ಈ ವರ್ಷ. ಮನೆಯಲ್ಲಿ ಏನೇನು ನಡೆಯಿತೋ ಅದಕ್ಕೆಲ್ಲ ಆಯಾ ಗಂಟಿಗೆ ಒಂದೊಂದು ಬಣ್ಣದ ಬಟ್ಟೆ ಚೂರು ಕಟ್ಟುವುದು.

ಎಪ್ಪತ್ತೆಂಟು ಗಂಟುಗಳನ್ನು ಹಿತಾ ಬಸ್ಸಿನಲ್ಲೇ ಹಾಕಿದಳು. ಕೋಲಾರ ದಾಟುವ ಹೊತ್ತಿಗೆ ಹಗ್ಗ ಮೂರು ಸೀಟು ಆವರಿಸಿತ್ತು. ಕಂಡಕ್ಟರ್ ಅದನ್ನು ದಾಟಲಾರದೆ ನಿಂತು, “ಏನ್ ಪುಟ್ಟಿ, ಬಸ್ಸನ್ನೇ ಕಟ್ಟಾಕ್ತೀಯಾ?” ಅಂದ. “ಇಲ್ಲ ಅಂಕಲ್, ಚೌಡಜ್ಜೀನ,” ಅಂದಳು. ಆತನಿಗೆ ಏನೂ ಅರ್ಥವಾಗಲಿಲ್ಲ, ಟಿಕೆಟ್ ಹರಿದು ಕೊಟ್ಟು ಮುಂದಕ್ಕೆ ಹೋದ.

ನಮ್ಮ ತೋಪಿನ ರಾಜ ಎಂದರೆ ಪಿಳ್ಳಪ್ಪನ ಮರ. ಪಿಳ್ಳಪ್ಪ ನನ್ನ ಅಪ್ಪನ ತಾತ. ಅವರು ನೆಟ್ಟಿದ್ದು ನಾಟಿ ಮಾವು, ಅದಕ್ಕೆ ರಸಪುರಿ ಕಸಿ ಕಟ್ಟಿದ್ದೂ ಅವರೇ ಎಂದು ನಾನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದಿದ್ದೇನೆ. ಹಣ್ಣೆಂದರೆ ಅದು ಹಣ್ಣು. ಕೈಯಲ್ಲಿ ಹಿಡಿದು ಮೆಲ್ಲಗೆ ಹಿಸುಕಿ, ತೊಟ್ಟು ಕಿತ್ತು ಬಾಯಿಗಿಟ್ಟರೆ ಮೊಣಕೈವರೆಗೆ ರಸ. ಅಪ್ಪನಂತೂ ಮಾವು ಬೆಳೆಗಾರರ ಸಭೆಗಳಲ್ಲೆಲ್ಲ “ನಮ್ಮ ತಾತನ ಕೈಗುಣ” ಎಂದು ಆ ಮರದ ಸುದ್ದಿ ಎತ್ತದೆ ಇರುವುದಿಲ್ಲ.

ನಾನೇನು ಕಡಿಮೆ? ನಾಲ್ಕು ವರ್ಷದ ಹಿಂದೆ ಇದೇ ಅಂಕಣದಲ್ಲಿ ‘ಪಿಳ್ಳಪ್ಪನ ಕೈ’ ಎಂದು ಬರೆದು ನಿಮ್ಮಿಂದ ಶಹಬ್ಬಾಸ್ ಪಡೆದಿದ್ದೆ. ಕೆಲವರಿಗೆ ನೆನಪಿರಬಹುದು. ದಯವಿಟ್ಟು ಮರೆತುಬಿಡಿ.

ಆ ಮರಕ್ಕೆ ಒಂದು ಪದ್ಧತಿಯೂ ಇದೆ. ವರ್ಷದ ಮೊದಲ ಕೊಯ್ಲು ದೇವರ ಮುಂದೆ ಇಡುತ್ತಾರೆ. ಆಮೇಲೆ ಅಪ್ಪ ತಾವೇ ಕೂತು ದಾಯಾದಿಗಳ ಮನೆಗೆಲ್ಲ ಪಾಲು ಮಾಡುತ್ತಾರೆ. ಚೌಡಮ್ಮತ್ತೆಗೆ ಪಾಲಿಲ್ಲ, ಮದುವೆಯಾಗಿ ಹೋದ ಹೆಣ್ಣುಮಗಳಲ್ಲವೇ? ಅವರಿಗೆ ಬೇರೆ ಚೀಲ. ಅದಕ್ಕೆ ತವರಿನ ಹಣ್ಣು ಎಂದು ಹೆಸರು. ಅಪ್ಪ ಎರಡೂ ಕೈಯಲ್ಲಿ ಚೀಲ ಕೊಟ್ಟು “ತಾತನ ಆಶೀರ್ವಾದ ಅಕ್ಕ” ಅನ್ನುತ್ತಾರೆ. ಅತ್ತೆ ಚೀಲವನ್ನು ಕಣ್ಣಿಗೆ ಒತ್ತಿಕೊಂಡು ತೆಗೆದುಕೊಳ್ಳುತ್ತಾರೆ. ವರ್ಷಾ ವರ್ಷಾ ಇದನ್ನು ನೋಡಿ ನನಗೆ ಕಣ್ಣು ಒದ್ದೆಯಾಗುತ್ತಿತ್ತು. ಎಂಥ ಅಕ್ಕ, ಎಂಥ ತಮ್ಮ ಅನ್ನಿಸುತ್ತಿತ್ತು.

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ತೋಪಿಗೆ ಹೋದೆವು. ಹಿಂದಿನ ದಿನ ಮಳೆ ಬಿದ್ದು ನೆಲ ಮೆತ್ತಗಿತ್ತು. ಹಿತಾ ಮರದಿಂದ ಮರಕ್ಕೆ ಓಡಿ ಮೈ ತೆಗೆದಳು. ಪಿಳ್ಳಪ್ಪನ ಮರದ ಹತ್ತಿರ ಬಂದಾಗ ನಿಂತುಬಿಟ್ಟಳು.

“ತಾತ, ಇದ್ಯಾಕೆ ಕೆಳಗಡೆ ಒಂಥರ, ಮೇಲೆ ಇನ್ನೊಂಥರ ಬರ್ತಿದೆ?”

ಕಾಗದದ ಮೇಲೆ ಸರಿಯಾಗಿ ಕಾಣುತ್ತಿತ್ತು. ಕೆಳಗೆ ಒರಟು ಒರಟು ಬಿರುಕು, ಮೇಲೆ ನಯ, ಎರಡರ ನಡುವೆ ಉಬ್ಬಿದ ಒಂದು ಬಳೆ. ನಾಲ್ಕು ದೊಡ್ಡ ಕೊಂಬೆಗಳಿಗೂ ಅದೇ ಬಳೆ.

“ಅದೇ ಕಣಮ್ಮ ಕಸಿ ಕಟ್ಟಿದ ಜಾಗ,” ಅಂದರು ಅಪ್ಪ, ಮೀಸೆ ಸವರಿಕೊಂಡು. “ಕೆಳಗಡೆದು ನಾಟಿ, ಮೇಲಿಂದು ರಸಪುರಿ. ನಮ್ಮ ತಾತ ಪಿಳ್ಳಪ್ಪನವರು ಕಟ್ಟಿದ್ದು. ನಾಲ್ಕಕ್ಕೆ ನಾಲ್ಕೂ ಹಿಡಿದಿದೆ ನೋಡು!”

ಅತ್ತೆ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಆಮೇಲೆ ಹಗ್ಗದ ಆಟ. ಎರಡು ಮರದ ನಡುವೆ ಹಗ್ಗ ಕಟ್ಟಿ, ಅಣ್ಣನ ಹಳೆ ಲುಂಗಿ, ಅಮ್ಮನ ರವಿಕೆ ಬಟ್ಟೆ ಚೂರುಗಳನ್ನು ಗುಡ್ಡೆ ಹಾಕಿಕೊಂಡು ಕೂತೆವು. ಇಸವಿ ಕೇಳಿದರೆ ನಮ್ಮ ಹಿರಿಯರಿಗೆ ಒಂದೂ ಗೊತ್ತಿಲ್ಲ. ಇಸವಿ ಬಿಡಿ, “ಆಗ ನಿಮಗೆಷ್ಟು ವಯಸ್ಸು? ಯಾರ ಮದುವೆ ಆಗಿತ್ತು? ಕೆರೆ ತುಂಬಿತ್ತಾ?” ಎಂದು ಕೇಳಿ. ಆಗ ನೋಡಿ ಹೇಗೆ ಬರುತ್ತದೆ! ಅತ್ತೆಯಂತೂ ತಮ್ಮ ವಯಸ್ಸಿನ ಜೊತೆಗೆ ಆ ವರ್ಷ ಕರು ಹಾಕಿದ ಹಸುವಿನ ಬಣ್ಣವನ್ನೂ ಹೇಳಿದರು.

“ಪಿಳ್ಳಪ್ಪ ತಾತ ಸತ್ತಾಗ ನಿಮಗೆಷ್ಟು ವಯಸ್ಸು ಅಜ್ಜಿ?”

“ಒಂಬತ್ತು. ಮೂರನೇ ಕ್ಲಾಸು. ಆ ವರ್ಷವೇ ನನ್ನ ಸ್ಕೂಲು ಬಿಡಿಸಿದ್ದು.”

ಒಂಬತ್ತನೇ ಗಂಟಿಗೆ ಬಿಳಿ ಬಟ್ಟೆ. ಹನ್ನೆರಡನೇ ಗಂಟಿಗೆ ಅಪ್ಪ ಹುಟ್ಟಿದ್ದು, ಹಸಿರು ಬಟ್ಟೆ. ಹದಿನೈದಕ್ಕೆ ಬಂದಾಗ ಅತ್ತೆ ಒಬ್ಬರೇ ನಗಲು ಶುರು ಮಾಡಿದರು.

“ಆ ವರ್ಷ ನಮ್ಮ ಚಿಕ್ಕಪ್ಪನ ಮದುವೆ. ದೊಡ್ಡಸ್ತಿಕೆಗೆ ಅಂತ ಪಿಳ್ಳಪ್ಪನ ಮರದ ಹಣ್ಣಲ್ಲಿ ಸೀಕರಣೆ ಮಾಡ್ಸಿದ್ರು ನಮ್ಮಪ್ಪ. ಅಯ್ಯಯ್ಯೋ, ಏನ್ ಹುಳಿ ಅಂತೀಯಾ! ಕಣ್ಣು ಮುಚ್ಚೋಗ್ತಿತ್ತು. ಬೀಗರೆಲ್ಲ ಎಲೆ ಬಿಟ್ಟು ಎದ್ಬಿಟ್ರು!”

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹಿತಾ ಮಾತ್ರ ನಗಲಿಲ್ಲ. ಹದಿನೈದನೇ ಗಂಟಿಗೆ ಹಳದಿ ಬಟ್ಟೆ ಕಟ್ಟಿ, ಹಿಂದಕ್ಕೆ ನಡೆದು ಒಂಬತ್ತನೇ ಗಂಟು ಮುಟ್ಟಿದಳು. ಮತ್ತೆ ಮುಂದಕ್ಕೆ ಬಂದಳು. ಬೆರಳು ಮಡಚಿ ಎಣಿಸಿದಳು.

“ತಾತ, ಮದುವೇಲಿ ಹಣ್ಣು ಹುಳಿ ಇತ್ತು ಅಂದ್ರೆ ಆಗ ಇನ್ನೂ ಕಸಿ ಕಟ್ಟಿರ್ಲಿಲ್ಲ ಅಲ್ವಾ?”

“ಹೂಂ, ಇರ್ಲಿಲ್ಲ ಅನ್ಸತ್ತೆ.”

“ಹಂಗಾದ್ರೆ ಪಿಳ್ಳಪ್ಪ ತಾತ ಸತ್ತು ಆರು ವರ್ಷ ಆದ್ಮೇಲೆ ವಾಪಸ್ ಬಂದು ಕಟ್ಟಿದ್ರಾ?”

ಅಪ್ಪ ಹಗ್ಗ ನೋಡಿದರು. ನಾನು ಅಪ್ಪನನ್ನು ನೋಡಿದೆ. ಮೂವತ್ತು ಸಲ ಕೇಳಿದ ಕಥೆ, ಒಂದು ಸಲ ನಾನೇ ಬರೆದ ಕಥೆ! ಬ್ಯಾಂಕಿನಲ್ಲಿ ಒಂದು ಸಹಿ ಓರೆಯಾಗಿದ್ದರೆ ಚೆಕ್ ವಾಪಸ್ ಕಳಿಸುವ ನನಗೆ ಇದು ಹೊಳೆದಿರಲಿಲ್ಲ.

ಹಿತಾ ಅತ್ತೆಯ ಮುಂದೆ ಹೋಗಿ ಕೂತಳು. “ಅಜ್ಜಿ, ನಿಮಗೆ ಗೊತ್ತಾ ಯಾರು ಕಟ್ಟಿದ್ದು ಅಂತ?”

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ತಮ್ಮನ ಮುಖ ನೋಡಿದರು. ನಂತರ ಮಗುವಿಗೆ ಮಾತ್ರ ಹೇಳುವ ಹಾಗೆ ಮೆಲ್ಲಗೆ, “ನಾನೇ ಕಣೇ,” ಅಂದರು.

ಆಮೇಲೆ ಅವರು ಹೇಳಿದ್ದನ್ನು ನಾನು ಹೀಗೆ ಕೇಳಿಸಿಕೊಂಡೆ. ಸೀಕರಣೆಯ ಅವಮಾನ ಆದ ಮಾರನೇ ವರ್ಷ ಅವರಪ್ಪ, ಅಂದರೆ ನನ್ನ ತಾತ, ಆ ಮರವನ್ನು ಮಾಲೂರಿನ ಇಟ್ಟಿಗೆ ಗೂಡಿನವರಿಗೆ ಸೌದೆಗೆ ಒಪ್ಪಿಸಿಬಿಟ್ಟಿದ್ದರು. ಕೊಡಲಿ ಹಿಡಿದು ಆಳುಗಳು ಬಂದ ದಿನ ಅತ್ತೆ ಮರ ತಬ್ಬಿಕೊಂಡು ಅತ್ತರಂತೆ. ಪಿಳ್ಳಪ್ಪ ತಾತನ ಹೆಗಲ ಮೇಲೆ ಕೂತು ಆ ಮರದ ಕಾಯಿ ಕಿತ್ತವರು ಅವರು. “ಕೊಂಬೆ ಒಯ್ಯಲಿ, ಕಾಂಡ ಬಿಡಿ” ಎಂದು ಹಟ ಹಿಡಿದರು. ಒಂದು ವರ್ಷ ಬಿಡುತ್ತೇನೆ, ಆಮೇಲೆ ಬುಡಸಮೇತ ತೆಗೆಸುತ್ತೇನೆ ಅಂದರು ತಾತ.

ಅದೇ ವರ್ಷ ಮುಳಬಾಗಿಲಿನ ಕಡೆ ಸೋದರಮಾವನ ಮನೆಗೆ ಅತ್ತೆಯನ್ನು ಕಳಿಸಿದ್ದರು. ಅಲ್ಲಿ ಮಾವನ ತೋಟ ನೋಡಿಕೊಳ್ಳುತ್ತಿದ್ದ ಸಾಬರು ಕಸಿ ಕಟ್ಟುವುದನ್ನು ಅತ್ತೆ ಹದಿನೈದು ದಿನ ಹಿಂದೆ ಹಿಂದೆ ಸುತ್ತಿ ನೋಡಿದರು. ಕೊನೆಗೆ ಅವರೇ ಕರೆದು ಕೈಗೆ ಚಾಕು ಕೊಟ್ಟರಂತೆ. ಬರುವಾಗ ರಸಪುರಿಯ ಹನ್ನೊಂದು ಕಡ್ಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಳೆಪಟ್ಟೆಯಲ್ಲಿ ಕಟ್ಟಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದರು. ಕೇಳಿದವರಿಗೆ ಹೂವಿನ ಪೊಟ್ಟಣ ಅಂದರು. ಮೋಟು ಮರ ಅಷ್ಟೊತ್ತಿಗೆ ಚಿಗುರಿತ್ತು. ಚಿಗುರುಗಳಿಗೆ ಕಡ್ಡಿ ಕಟ್ಟಿದರು. ಆಗ ಅವರಿಗೆ ಹದಿನೇಳು.

“ಹನ್ನೊಂದ್ರಲ್ಲಿ ನಾಲ್ಕು ಹಿಡೀತು,” ಅಂದರು ಅತ್ತೆ. “ಮಾರನೇ ವರ್ಷ ನನ್ನ ಮದುವೆ. ಮದುವೆಗಿರೋ ಹುಡುಗಿ ಚಾಕು ಕಚ್ಕೊಂಡು ಮರ ಹತ್ತಿದ್ಳು ಅಂದ್ರೆ ಗಂಡಿನ ಕಡೆಯೋರು ಏನಂದ್ಕೊಂತಾರೆ? ಯಾರಿಗೂ ಹೇಳ್ಬೇಡ ಅಂದ್ರು ನಮ್ಮಪ್ಪ. ಯಾರಾದ್ರೂ ಕೇಳಿದ್ರೆ ಪಿಳ್ಳಪ್ಪ ತಾತ ಕಟ್ಟಿದ್ದು ಅಂತ ಅವರೇ ಹೇಳ್ಕೊಂಡು ಬಂದ್ರು. ಅದೇ ನಿಂತೋಯ್ತು.”

“ಹಣ್ಣು ಬಿಟ್ಟಾಗ?” ಅಂದೆ.

“ನಾನಾಗ ಹೋಳೂರಲ್ಲಿ, ಕೈಯಲ್ಲಿ ಕೂಸು. ನಮ್ಮಪ್ಪ ಚೀಲದಲ್ಲಿ ಹಣ್ಣು ತಂದು ಎಲ್ಲರ ಮುಂದೆ ತವರಿನ ಹಣ್ಣು ಅಂತ ಕೊಟ್ರು. ಹೊರಡೋವಾಗ ಬಾಗಿಲ ಹತ್ರ ಕರೆದು, ‘ನೀನು ಕಟ್ಟಿದ್ದು ಕಣಮ್ಮ’ ಅಂದ್ರು. ಅಷ್ಟೇ. ಅವರೊಬ್ಬರಿಗೇ ಗೊತ್ತಿದ್ದಿದ್ದು.”

ನನಗೆ ನನ್ನ ಅಂಕಣ ನೆನಪಾಯಿತು. “ಅತ್ತೆ, ನಾನು ಬರೆದಿದ್ದು ಓದಿದ್ರಾ ನೀವು?”

“ಓದ್ದೆ. ಚೆನ್ನಾಗಿ ಬರೆದಿದ್ದೆ,” ಅಂದರು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಆದರೆ ಅಪ್ಪ ಎದ್ದು ನಿಂತಿದ್ದರು. ಅರವತ್ತಾರು ವರ್ಷದ ಮನುಷ್ಯ, ಜೀವಮಾನವೆಲ್ಲ ಒಂದು ಮರದ ಬಗ್ಗೆ ಎದೆ ಉಬ್ಬಿಸಿಕೊಂಡು ಬದುಕಿದವರು. ಮೊಮ್ಮಗಳ ಎದುರು ಒಂದು ಹಗ್ಗ ಅದನ್ನು ಎಳೆದು ಹಾಕಿತ್ತು.

“ಅಕ್ಕನಿಗೆ ವಯಸ್ಸಾಯ್ತಮ್ಮ,” ಅಂದರು ನನಗೆ. “ಅದಕ್ಕೂ ಇದಕ್ಕೂ ಸೇರಿಸ್ಕೊಂಡು ಏನೋ ಹೇಳ್ತಾಳೆ. ಬೇರೆ ಮರ ಇರ್ಬೇಕು. ಬಿಡಿ, ಕಾಫಿ ಕುಡಿಯೋಣ ನಡೀರಿ.”

ಅತ್ತೆಯ ಮುಖ ನಾನು ನೋಡಿದೆ. ಅರವತ್ತೊಂದು ವರ್ಷ ಬಾಯಿ ಬಿಡದೆ ಇದ್ದಾಗ ಆಗದ ನೋವು ಆ ಒಂದು ಮಾತಿಗೆ ಆಯಿತು. ಹೇಳದೇ ಇದ್ದರೆ ಗೌರವವಾದರೂ ಇರುತ್ತಿತ್ತು, ಈಗ ಹೇಳಿ ಮರೆಗುಳಿ ಅನ್ನಿಸಿಕೊಂಡರು. ಅವರು ಎದ್ದು ಸೀರೆ ಕೊಡವಿಕೊಂಡು, “ಸಂಜೆ ಬಸ್ಸಿಗೆ ಹೋಗ್ತೀನಿ. ಹಸು ಕರೀಬೇಕು,” ಅಂದರು. ಹಸು ಕರೆಯಲು ಸೊಸೆ ಇದ್ದಾಳೆ. ಅದು ನಮಗೆಲ್ಲ ಗೊತ್ತು.

ಈ ಹಾಳು ಆಟ ಯಾಕಾದರೂ ತಂದೆನೋ ಅನ್ನಿಸಿತು. ಕುಟುಂಬದ ಇತಿಹಾಸ ಕೆದಕುವುದು ಮೋಜು ಎಂದು ಹೇಳುವವರು ಈ ಭಾಗವನ್ನು ಹೇಳುವುದಿಲ್ಲ ನೋಡಿ.

ಆಗ ಹಿತಾ ಒಂದು ಕೆಲಸ ಮಾಡಿದಳು. ಜಗಳ ಆಡಲಿಲ್ಲ, ಅಳಲಿಲ್ಲ. ಅತ್ತೆಯ ಕೈ ಹಿಡಿದು, “ಅಜ್ಜಿ, ಹೋಗೋ ಮುಂಚೆ ನನಗೆ ಹೆಂಗೆ ಕಟ್ಟೋದು ಅಂತ ತೋರಿಸಿ ಹೋಗಿ. ಪ್ರಾಜೆಕ್ಟಿಗೆ ಬೇಕು,” ಅಂದಳು.

ಪ್ರಾಜೆಕ್ಟ್ ಎಂದರೆ ಯಾವ ಅಜ್ಜಿ ಇಲ್ಲ ಅಂದಾಳು? ಅಣ್ಣ ಓಡಿ ಹೋಗಿ ಒಂದು ನಾಟಿ ಸಸಿ, ಒಂದು ಎಳೆಯ ಕಡ್ಡಿ, ಚಾಕು ತಂದ. ಕಟ್ಟಲು ಪ್ಲಾಸ್ಟಿಕ್ ಪಟ್ಟಿಯನ್ನೂ ತಂದ. ಅತ್ತೆ ಅದನ್ನು ತಳ್ಳಿ, “ಬಾಳೆ ನಾರು ತಾರೋ,” ಅಂದರು.

ಅವರು ನೆಲದ ಮೇಲೆ ಕೂತರು. ಸಸಿಯ ಕಾಂಡವನ್ನು ಓರೆಯಾಗಿ ಕೊಯ್ದರು. ಕಡ್ಡಿಯನ್ನೂ ಹಾಗೆಯೇ ಚೂಪು ಮಾಡಿದರು. ಒಂದೇ ಎಳೆತಕ್ಕೆ, ನೋಡದೆ, ಹಪ್ಪಳದ ಹಿಟ್ಟು ಕೊಯ್ದಷ್ಟು ಸಲೀಸಾಗಿ. ಅರವತ್ತು ವರ್ಷ ಹಿಪ್ಪುನೇರಳೆ ಸೊಪ್ಪು ಕೊಯ್ದ ಕೈ ಇದನ್ನು ಮರೆತಿರಲಿಲ್ಲ. ಎರಡನ್ನೂ ಮೈಗೆ ಮೈ ಕೂರಿಸಿ ಒತ್ತಿ ಹಿಡಿದರು. ಎರಡೂ ಕೈ ಅದಕ್ಕೇ ಬೇಕು. ನಾರು ಕೊಡಲು ಇನ್ನೊಬ್ಬರು ಬೇಕು.

ತಲೆ ಎತ್ತದೆ, ಯಾರಿಗೆ ಎಂದೂ ನೋಡದೆ, ಅತ್ತೆ ಹೇಳಿದರು. “ನಾರ ಪಟ್ಟುಕೋ ರಾ.”

ನಾರು ಹಿಡಿದುಕೊಳ್ಳೋ ಎಂದು. ನಮ್ಮ ಮನೆಯಲ್ಲಿ ವ್ಯವಹಾರ ಕನ್ನಡದಲ್ಲಿ, ಸಿಟ್ಟು ಮತ್ತು ಪ್ರೀತಿ ತೆಲುಗಿನಲ್ಲಿ. ಅಕ್ಕ ತಮ್ಮ ಇಬ್ಬರೇ ಇದ್ದಾಗ ಪೂರ್ತಿ ತೆಲುಗು.

ಅಪ್ಪ ಎಲ್ಲಿ ನಿಂತಿದ್ದರೋ ಅಲ್ಲಿಂದ ಬಂದರು. ನಾರಿನ ಕಟ್ಟು ತೆಗೆದುಕೊಂಡರು. ಎರಡೂ ಅಂಗೈ ಜೋಡಿಸಿ, ತೀರ್ಥಕ್ಕೆ ಕೈ ಒಡ್ಡಿದ ಹಾಗೆ, ನಾರನ್ನು ಅದರ ಮೇಲಿಟ್ಟು ಎತ್ತಿ ಹಿಡಿದರು. ದೊಡ್ಡವರು ಯಾರೂ ಹಾಗೆ ಹಿಡಿಯುವುದಿಲ್ಲ. ಐದು ವರ್ಷದ ಮಗು ಹಿಡಿಯುತ್ತದೆ. ಅವರ ಮುಖ ಬದಲಾಯಿತು.

“ಅಕ್ಕಾ,” ಅಂದರು. “ನನಗೆ ಕೆಂಪಿರುವೆ ಕಚ್ಚಿತ್ತು ಅಲ್ವಾ?”

ಅತ್ತೆ ತಲೆ ಎತ್ತಲಿಲ್ಲ. “ಕಾಲಿಗೆ. ಅಳ್ತಾ ಇದ್ದೆ. ಆದ್ರೂ ನಾರು ಬಿಡ್ಲಿಲ್ಲ ನೀನು.”

“ನೀನು ಮೇಲಿದ್ದೆ. ಮೋಟಿನ ಮೇಲೆ.”

“ಇಳಿದು ಬಂದು ಬೆಲ್ಲ ಕೊಟ್ಟೆ.”

“ನುವ್ವೇನಾ ಅಕ್ಕಾ?” ಅಂದರು ಅಪ್ಪ. ನೀನೇನಾ ಎಂದು. ಅವರ ದನಿ ನನಗೆ ಗುರುತೇ ಸಿಗಲಿಲ್ಲ.

“ನೇನೇ ರಾ,” ಅಂದರು ಅತ್ತೆ.

ಅಪ್ಪನಿಗೆ ಆ ಇರುವೆ, ಆ ಬೆಲ್ಲ ಸದಾ ನೆನಪಿತ್ತಂತೆ. ಯಾವ ಮರದ ಕೆಳಗೆ, ಯಾಕೆ ನಿಂತಿದ್ದೆ ಅನ್ನುವುದು ಮಾತ್ರ ಮರೆತುಹೋಗಿತ್ತು. ನೋಡಿ, ಇದಕ್ಕೆ ಏನನ್ನಬೇಕು? ಸಾಕ್ಷಿ ಅರವತ್ತೊಂದು ವರ್ಷ ನಮ್ಮ ಮನೆಯಲ್ಲೇ ಮೀಸೆ ಬಿಟ್ಟುಕೊಂಡು ಓಡಾಡುತ್ತಿತ್ತು. ಅದೇ ಸಾಕ್ಷಿ ಊರೆಲ್ಲ ತಿರುಗಿ ಬೇರೆಯವರ ಹೆಸರು ಹೇಳುತ್ತಿತ್ತು.

“ಇಷ್ಟ್ ವರ್ಷ ಯಾಕೆ ಅಕ್ಕ ಒಂದ್ಸಲಾನೂ ಹೇಳ್ಲಿಲ್ಲ?”

“ತಾತನ ಹೆಸರು ಹೇಳ್ವಾಗ ನಿನ್ನ ಮುಖ ನೋಡ್ಬೇಕು ರಾ. ಅಷ್ಟು ಖುಷಿ ಇರ್ತಿತ್ತು. ಹೆಂಗೆ ಹೇಳ್ಲಿ?”

ಅಪ್ಪ ಮುಖ ಆ ಕಡೆ ತಿರುಗಿಸಿಕೊಂಡು ತುಂಬ ಹೊತ್ತು ಮರ ನೋಡಿದರು. ಮರಕ್ಕೆ ಅಂಥ ವಿಶೇಷ ಏನೂ ಆಗಿರಲಿಲ್ಲ.

ನನಗೆ ಹೆಮ್ಮೆಯಾಯಿತು. ಸುಮ್ಮನೆ ಹೇಳುತ್ತಿಲ್ಲ. ಹದಿನೇಳು ವರ್ಷದ ಹುಡುಗಿ ಸೌದೆಗೆ ಹೋಗುತ್ತಿದ್ದ ಮರವನ್ನು ಹಿಡಿದು ನಿಲ್ಲಿಸಿ, ಅದರಿಂದ ಸಿಹಿ ತೆಗೆದಳು, ಅವಳು ನನ್ನ ಅತ್ತೆ. ಐದು ವರ್ಷದ ಹುಡುಗ ಇರುವೆ ಕಚ್ಚಿದರೂ ನಾರು ಬಿಡಲಿಲ್ಲ, ಅವನು ನನ್ನ ಅಪ್ಪ. ಒಂಬತ್ತು ವರ್ಷದ ಹುಡುಗಿ ಹಗ್ಗ ಹಿಡಿದು ಅವರಿಬ್ಬರನ್ನೂ ಆ ದಿನಕ್ಕೆ ಕರೆದುಕೊಂಡು ಹೋದಳು, ಅವಳು ನನ್ನ ಮಗಳು. ಇಂಥವರ ನಡುವೆ ಹುಟ್ಟಿ, ಪತ್ರಿಕೆಯಲ್ಲಿ ತಪ್ಪು ಬರೆದವಳು ನಾನೊಬ್ಬಳೇ. ಇರಲಿ, ಒಂದು ಮನೆ ಅಂದಮೇಲೆ ಒಬ್ಬರಾದರೂ ಹೀಗಿರಬೇಕು.

ಪಿಳ್ಳಪ್ಪ ಮುತ್ತಾತನಿಗೂ ಇದರಿಂದ ಏನೂ ನಷ್ಟವಾಗಲಿಲ್ಲ. ಬೀಜ ಹಾಕಿದ್ದು ಅವರೇ, ಬೇರು ಇನ್ನೂ ಅವರದ್ದೇ. ತಾತನ ಬಗ್ಗೆಯೂ ನನಗೆ ಸಿಟ್ಟಿಲ್ಲ. ಬಾಗಿಲ ಹತ್ತಿರ ಮೆಲ್ಲಗೆ ಹೇಳಿದ್ದನ್ನು ಹಜಾರದಲ್ಲಿ ನಿಂತು ಜೋರಾಗಿ ಹೇಳಿದ್ದರೆ ಇನ್ನೂ ಚೆನ್ನಾಗಿತ್ತು, ಅಷ್ಟೇ.

ನೀವೂ ಮಕ್ಕಳ ಜೊತೆ ಇದನ್ನು ಮಾಡಿ ನೋಡಿ. ತೋಪೇ ಬೇಕೆಂದಿಲ್ಲ. ಮನೆಯಲ್ಲಿ ಒರಳುಕಲ್ಲು ಇದ್ದರೆ ಅದರ ಮೈ ತೆಗೆಯಿರಿ, ಹಳೆ ಬಾಗಿಲಿದ್ದರೆ ಅದರದ್ದು. ಹಗ್ಗ ಎಲ್ಲರ ಮನೆಯಲ್ಲೂ ಇದೆ. ಕೇಳುವಾಗ ಇಸವಿ ಕೇಳಬೇಡಿ, ದೊಡ್ಡ ದೊಡ್ಡ ಸಾಧನೆಯನ್ನೂ ಕೇಳಬೇಡಿ. ಯಾವಾಗ ಪೆಟ್ಟು ತಿಂದಿರಿ, ಯಾವ ಅಡುಗೆ ಕೆಟ್ಟಿತು, ಯಾರು ಎಲೆ ಬಿಟ್ಟು ಎದ್ದರು, ಇದನ್ನು ಕೇಳಿ. ಒಳ್ಳೆಯ ಸುದ್ದಿಯನ್ನು ನಮ್ಮ ಹಿರಿಯರು ಎಷ್ಟೋ ಸಲ ತಿದ್ದಿ ಹೇಳುತ್ತಾರೆ. ಹುಳಿ ಸೀಕರಣೆಯ ವಿಷಯದಲ್ಲಿ ಸುಳ್ಳು ಹೇಳಿ ಯಾರಿಗೇನು ಲಾಭ? ಮತ್ತೆ, ಪ್ರಶ್ನೆ ಕೇಳುವ ಕೆಲಸ ಮಕ್ಕಳಿಗೇ ಬಿಡಿ. ನಾವು ಕೇಳಿದರೆ ಅನುಮಾನ, ಅವರು ಕೇಳಿದರೆ ಪ್ರಾಜೆಕ್ಟ್.

ಅತ್ತೆ ಅವತ್ತು ಸಂಜೆಯ ಬಸ್ಸಿಗೆ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಮೊದಲ ಕೊಯ್ಲು. ದೇವರ ಮುಂದೆ ಇಟ್ಟಿದ್ದಾಯಿತು, ಅಮ್ಮ ಮಂಗಳಾರತಿ ಮಾಡಿದ್ದಾಯಿತು. ಅಪ್ಪ ಎಂದಿನ ಹಾಗೆ ಜಗಲಿಯ ಮೇಲೆ ಚಾಪೆ ಹಾಸಿದರು, ಬುಟ್ಟಿ ತಂದಿಟ್ಟರು. ಆದರೆ ಕೂರಲಿಲ್ಲ.

“ಕೂತ್ಕೋ ಅಕ್ಕ. ನೀನೇ ಹಂಚು.”

“ನನಗ್ಯಾಕೋ ಇದೆಲ್ಲ? ನೀನೇ ಮಾಡು.”

“ಕೂತ್ಕೋ ಅಂದ್ನಲ್ಲ!” ಅಪ್ಪ ಗದರಿದರು. ತೆಲುಗಿನಲ್ಲಿ.

ಅತ್ತೆ ಕೂತರು. ಒಂದೊಂದೇ ಹಣ್ಣು ತೆಗೆದು ಮೂಸಿ, ದಾಯಾದಿಗಳ ಮನೆಗೆಲ್ಲ ಪಾಲು ಮಾಡಿದರು. ಅಣ್ಣನಿಗೆ, ನನಗೆ, ಹಿತಾಗೆ ಕೊಟ್ಟರು. (ಹಿತಾಗೆ ಎರಡು ಹೆಚ್ಚು. ಪಕ್ಷಪಾತ ಎದ್ದು ಕಾಣುತ್ತಿತ್ತು.) ಕೊನೆಗೆ ಒಂದು ಚೀಲದಲ್ಲಿ ಆರಿಸಿ ಆರಿಸಿ ಹನ್ನೆರಡು ಹಣ್ಣು ತುಂಬಿ, ಎದ್ದು ನಿಂತು, ತಮ್ಮನ ಕೈಗೆ ಇಟ್ಟರು.

“ತಗೋ ರಾ. ನಿಮ್ಮಕ್ಕನ ಮರದ್ದು.”

ಅಪ್ಪ ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು.

ಈಗ ನೀವೇ ಹೇಳಿ, ಇಷ್ಟು ವರ್ಷ ನಮ್ಮ ಮನೆಯಲ್ಲಿ ಉಡುಗೊರೆ ಕೊಡುತ್ತಿದ್ದವರು ಯಾರು?